ಐಸಿಯು ನರ್ಸ್‌ಗಳಿಗಾಗಿ ಒಂದು ಆನ್‌ಲೈನ್ ತರಬೇತಿ: ಬಲವೆಲ್ಲಿ, ಕೊರತೆಯೆಲ್ಲಿ

ಜನರಲ್ ವಾರ್ಡಿನಿಂದ ಐಸಿಯುಗೆ ವರ್ಗವಾಗುವ ಸ್ಟಾಫ್ ನರ್ಸ್‌ಗಳಿಗಾಗಿ ಖಾಸಗಿ ಸಂಸ್ಥೆಯೊಂದು ನಡೆಸುವ ಆನ್‌ಲೈನ್ ತರಬೇತಿಯನ್ನು ನಾನು ಈಚೆಗೆ ಮುಗಿಸಿದೆ. ಕ್ರಿಟಿಕಲ್ ಕೇರ್ ವಿಷಯದಲ್ಲಿ ಇರುವ 2 ವರ್ಷದ ನರ್ಸ್ ಪ್ರಾಕ್ಟೀಷನರ್ ಕೋರ್ಸಿಗೆ ಇದು ಸಾಟಿಯಲ್ಲ, ಸಂಸ್ಥೆ ಹಾಗೆಂದು ಹೇಳಿಕೊಳ್ಳುವುದೂ ಇಲ್ಲ. ಮಾನಿಟರ್ ತೋರಿಸುವ ಅಂಕಿಯನ್ನು ಚಾರ್ಟಿಗೆ ಇಳಿಸುವ ಮೊದಲು ಅದು ನಂಬಲರ್ಹವೇ ಎಂದು ಪರೀಕ್ಷಿಸುವುದನ್ನು ಕಲಿಸುವುದೇ ಇದರ ನಿಜವಾದ ಬೆಲೆ ಎಂಬುದು ನನ್ನ ಅಭಿಪ್ರಾಯ.

ಆರ್ಟೀರಿಯಲ್ ಲೈನ್, ಅಂದರೆ ರಕ್ತದೊತ್ತಡವನ್ನು ಸತತವಾಗಿ ಅಳೆಯಲು ಅಪಧಮನಿಗೆ ಹಾಕುವ ಕೊಳವೆಯ ಕುರಿತ ಪಾಠ ಇದಕ್ಕೆ ಒಳ್ಳೆಯ ಉದಾಹರಣೆ. ಆ ಒತ್ತಡವನ್ನು ಗ್ರಹಿಸಿ ಮಾನಿಟರಿಗೆ ಕಳಿಸುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿ, ಅಂದರೆ ನಾಲ್ಕನೆಯ ಪಕ್ಕೆಲುಬಿನ ಸಂದು ಕಂಕುಳ ನಡುಗೆರೆಯನ್ನು ಸಂಧಿಸುವ ಜಾಗದ ನೇರಕ್ಕೆ ಇರಬೇಕೆಂಬುದು ಎಲ್ಲರೂ ಓದಿರುವ ವಿಷಯವೇ. ಆದರೆ ಟ್ರಾನ್ಸ್‌ಡ್ಯೂಸರನ್ನು ಕಂಬಕ್ಕೆ ಕಟ್ಟಿದ್ದು, ಹಾಸಿಗೆಯನ್ನಷ್ಟೇ ಮೇಲೆತ್ತಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ಲೆಕ್ಕ ಹಾಕಿಯೇ ತೋರಿಸುತ್ತಾರೆ. ಅದು ಹೃದಯಕ್ಕಿಂತ 10 ಸೆಂ.ಮೀ. ಕೆಳಗೆ ಉಳಿದರೆ ಒತ್ತಡ ಸುಮಾರು 7 ಮಿ.ಮೀ. ಪಾದರಸದಷ್ಟು ಹೆಚ್ಚಾಗಿ ಕಾಣುತ್ತದೆ. ಆಗ ನಿಜವಾದ ಸರಾಸರಿ ಒತ್ತಡ 58 ಇರುವ ಸೆಪ್ಸಿಸ್ (ಸೋಂಕು ಉಲ್ಬಣಿಸಿ ಅಂಗಗಳಿಗೆ ಹಾನಿಯಾಗುವ ಸ್ಥಿತಿ) ರೋಗಿಯೂ 65ರ ಗುರಿ ಮುಟ್ಟಿದಂತೆ ತೋರಿ, ರಕ್ತದೊತ್ತಡ ಏರಿಸುವ ಔಷಧವಾದ ನಾರ್‌ಅಡ್ರಿನಲಿನ್ ಇಳಿಸುವ ತಪ್ಪು ನಿರ್ಧಾರಕ್ಕೆ ದಾರಿಯಾಗುತ್ತದೆ. ಕೊಳವೆಯೊಳಗೆ ದ್ರವ ಹಾಯಿಸಿ (ಫ್ಲಶ್ ಮಾಡಿ) ಮಾನಿಟರಿನ ಅಲೆಯ ಆಕಾರ ನೋಡುವುದನ್ನೂ, ಮಂದಗೊಂಡ ಅಲೆಯ ಹಿಂದೆ ಗಾಳಿಗುಳ್ಳೆಯೋ ರಕ್ತದ ಹೆಪ್ಪೋ ಮಡಚಿದ ಕೊಳವೆಯೋ ಇರಬಹುದೆಂಬುದನ್ನೂ ಆತುರವಿಲ್ಲದೆ ವಿವರಿಸಿದ್ದಾರೆ.

ವೆಂಟಿಲೇಟರ್ ಭಾಗವೂ ಗಟ್ಟಿಯಾಗಿದೆ. ಎಆರ್‌ಡಿಎಸ್ (ಶ್ವಾಸಕೋಶದ ತೀವ್ರ ಉರಿಯೂತದಿಂದ ಉಸಿರಾಟ ವಿಫಲವಾಗುವ ಸ್ಥಿತಿ) ರೋಗಿಗಳಲ್ಲಿ ವೆಂಟಿಲೇಟರ್ ಪ್ರತಿ ಸಲ ಕೊಡುವ ಉಸಿರಿನ ಗಾತ್ರವನ್ನು ಪ್ರತಿ ಕಿಲೋಗೆ 12 ಮಿ.ಲೀ. ಬದಲು 6 ಮಿ.ಲೀ.ಗೆ ಇಳಿಸಿದಾಗ ಮರಣ ಪ್ರಮಾಣ ಶೇ. 39.8ರಿಂದ 31ಕ್ಕೆ ಇಳಿದದ್ದನ್ನು ತೋರಿಸಿದ 2000ದ ಅಮೆರಿಕದ ಅಧ್ಯಯನದಿಂದ ಪಾಠ ಆರಂಭವಾಗುತ್ತದೆ. ಈ ಕಿಲೋ ರೋಗಿಯ ಈಗಿನ ತೂಕದ್ದಲ್ಲ, ಎತ್ತರದಿಂದ ಲೆಕ್ಕ ಹಾಕಿದ ತೂಕದ್ದು ಎಂಬುದನ್ನು ಒತ್ತಿ ಹೇಳಿರುವುದು ನನಗೆ ಮೆಚ್ಚುಗೆಯಾಯಿತು. 150 ಸೆಂ.ಮೀ. ಎತ್ತರದ ಮಹಿಳೆಗೆ ಆ ಲೆಕ್ಕದ ತೂಕ ಸುಮಾರು 43 ಕಿಲೋ, ಉಸಿರಿನ ಗಾತ್ರ ಸುಮಾರು 260 ಮಿ.ಲೀ. ಮಾತ್ರ. ದಾಖಲಾತಿಯ ಹೊತ್ತಿಗೆ ಟೇಪು ಹಿಡಿದು ಎತ್ತರ ಅಳೆಯುವ ಅಭ್ಯಾಸ ನಮ್ಮ ಎಷ್ಟು ಐಸಿಯುಗಳಲ್ಲಿದೆಯೋ! ಶ್ವಾಸನಾಳದೊಳಗಿನ ಟ್ಯೂಬಿನ ಸುತ್ತ ಗಾಳಿ ತುಂಬಿಸುವ ಬಲೂನಿನ, ಅಂದರೆ ಕಫ್‌ನ ಒತ್ತಡವನ್ನು ಬೆರಳಿನಿಂದ ಒತ್ತಿ ಅಂದಾಜಿಸದೆ, ಮಾಪಕದಿಂದ ಅಳೆದು 20ರಿಂದ 30 ಸೆಂ.ಮೀ. ನೀರಿನ ಒತ್ತಡದೊಳಗೆ ಇಡಬೇಕೆಂಬ ಸೂಚನೆಯೂ ಇಲ್ಲಿದೆ. ಸಕ್ಷನ್ (ಕಫ ಹೀರಿ ತೆಗೆಯುವುದು), ಹಾಸಿಗೆ ಹುಣ್ಣು, ಬಾಯಿಯ ಆರೈಕೆಗಳ ಪಾಠಗಳಲ್ಲಿ ಹೊಸದೇನೂ ಇಲ್ಲ.

ಔಷಧದ ಲೆಕ್ಕಗಳು ಮಾತ್ರ ನಿರಾಸೆ ತಂದವು. ಎಲ್ಲ ಅಭ್ಯಾಸಗಳೂ 250 ಮಿ.ಲೀ. ಚೀಲದಲ್ಲಿ ಬೆರೆಸಿದ ನಾರ್‌ಅಡ್ರಿನಲಿನ್ ಸುತ್ತಲೇ ಇವೆ. ನಾವು ಕೆಲಸ ಮಾಡುವುದು 50 ಮಿ.ಲೀ. ಸಿರಿಂಜ್ ಪಂಪಿನಲ್ಲಿ, ಅದರಲ್ಲಿ 4 ಮಿ.ಗ್ರಾಂ. ಬೆರೆಸಿದ್ದರೆ, 60 ಕಿಲೋ ರೋಗಿಗೆ ಪ್ರತಿ ಕಿಲೋಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ ಕೊಡಲು ಗಂಟೆಗೆ 4.5 ಮಿ.ಲೀ. ಓಡಿಸಬೇಕು. ಸಿರಿಂಜಿನಲ್ಲಿ ಬೆರೆಸುವ ಪ್ರಮಾಣ ಆಸ್ಪತ್ರೆಯಿಂದ ಆಸ್ಪತ್ರೆಗೆ ಬದಲಾಗುವುದರಿಂದ, ಕೆಲಸ ಬದಲಿಸಿದ ನರ್ಸ್ ಹಳೆಯ ವೇಗವನ್ನೇ ನೆನಪಿನಿಂದ ಹಾಕುವ ಅಪಾಯವಿದೆ. ಆ ಎಚ್ಚರಿಕೆಗೆ ಇಲ್ಲಿ ಒಂದು ಸಾಲಿನ ಜಾಗವೂ ಸಿಕ್ಕಿಲ್ಲ.

ಡೆಲಿರಿಯಂ, ಅಂದರೆ ಕಾಯಿಲೆಯಿಂದ ದಿಢೀರನೆ ಉಂಟಾಗುವ ಬುದ್ಧಿಯ ಗೊಂದಲದ ಪಾಠದಲ್ಲಿನ ಲೋಪ ಇದಕ್ಕಿಂತ ದೊಡ್ಡದು. ರೋಗಿಯ ಗಮನಶಕ್ತಿಯನ್ನು ಅಳೆಯಲು ಇಂಗ್ಲಿಷಿನ ಹತ್ತು ಅಕ್ಷರಗಳನ್ನು ಒಂದೊಂದಾಗಿ ಓದಿ, ‘ಎ’ ಕೇಳಿದಾಗಲೆಲ್ಲ ಕೈ ಅದುಮಲು ಹೇಳುವ ವಿಧಾನವನ್ನು ಯಥಾವತ್ತಾಗಿ ಕಲಿಸಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೊಬ್ಬರು ಈ ಪರೀಕ್ಷೆಯಲ್ಲಿ ತಪ್ಪಿದರೆ ಅದು ಡೆಲಿರಿಯಮ್ಮಿನ ಲಕ್ಷಣವೋ ಅಕ್ಷರದ ಅಪರಿಚಯವೋ ತಿಳಿಯುವುದು ಹೇಗೆ? ಇದೇ ಪರೀಕ್ಷೆಗೆ ಚಿತ್ರಗಳನ್ನು ಬಳಸುವ ರೂಪವೂ ಇದೆಯೆಂಬುದನ್ನು ಕನಿಷ್ಠ ಹೆಸರಿಸಬಹುದಿತ್ತು.

ಕೊನೆಯ ಪರೀಕ್ಷೆ ಬರೀ ಬಹು ಆಯ್ಕೆ ಪ್ರಶ್ನೆಗಳದ್ದು; ಆದ್ದರಿಂದ ಪ್ರಮಾಣಪತ್ರವನ್ನು ಕೈಕೆಲಸದ ಸಾಮರ್ಥ್ಯಕ್ಕೆ ಸಾಕ್ಷಿಯೆಂದು ಇನ್‌ಚಾರ್ಜ್‌ಗಳು ಭಾವಿಸಬಾರದು. ಹಿರಿಯ ನರ್ಸ್ ಪಕ್ಕದಲ್ಲಿದ್ದು ಟ್ರಾನ್ಸ್‌ಡ್ಯೂಸರ್ ಝೀರೋ (ಗಾಳಿಯ ಒತ್ತಡವನ್ನು ಸೊನ್ನೆಯೆಂದು ಹೊಂದಿಸುವುದು) ಮಾಡಿಸುವ ಘಟಕಗಳಲ್ಲಿ ಇದು ಒಳ್ಳೆಯ ಪೂರಕವಾಗುತ್ತದೆ. ಆರ್ಟೀರಿಯಲ್ ಲೈನ್ ಬಳಕೆಯೇ ಇಲ್ಲದ ಸಣ್ಣ ಆಸ್ಪತ್ರೆಗಳ ನರ್ಸ್‌ಗಳು ವೆಂಟಿಲೇಟರ್ ಭಾಗದಿಂದಲೇ ಆರಂಭಿಸಬಹುದು. ಪಾಠಗಳನ್ನು ಕ್ರಮವಾಗಿಯೇ ನೋಡಬೇಕೆಂಬ ಕಟ್ಟುಪಾಡು ಇಲ್ಲ.