ದೆಹಲಿಯ ಬಾಕ್ಸ್‌ಸ್ಟರೋ, ಬೆಂಗಳೂರಿನ ಬಾಕ್ಸ್‌ಸ್ಟರೋ?

ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಸ್ಪೋರ್ಟ್ಸ್ ಕಾರು ಕೊಳ್ಳಲು ಹೊರಟ ಬೆಂಗಳೂರಿನವರನ್ನು ದೆಹಲಿಯ ಬೆಲೆ ಸೆಳೆಯುತ್ತದೆ. ಅಲ್ಲಿ 15 ವರ್ಷ ದಾಟಿದ ಹಳೆಯ ಪೆಟ್ರೋಲ್ ಕಾರುಗಳ ಮೇಲೆ ನಿರ್ಬಂಧದ ಭಯ ಇರುವುದರಿಂದ, ವಯಸ್ಸಾದ ಕಾರನ್ನು ಮಾರುವವರಿಗೆ ಅವಸರ. ಆದರೆ ಆ ಬೆಲೆಯ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಬೀಳುತ್ತದೆ. ವಾಹನದ ವಯಸ್ಸಿನೊಂದಿಗೆ ಅದು ಇಳಿಯುತ್ತದೆ, ನಿಜ. ಆದರೂ ದುಬಾರಿ ಕಾರಿಗೆ ಅದು ಸಣ್ಣ ಮೊತ್ತವಲ್ಲ. ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ, ಸಾಲ ತೀರಿದ ದಾಖಲೆ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ಸಾಗಾಟ, ಇಲ್ಲಿ ಮರುನೋಂದಣಿ ಇವೆಲ್ಲವನ್ನೂ ಕೂಡಿಸಿಯೇ ಬೆಲೆ ಹೋಲಿಸಬೇಕು.

ಬೆಂಗಳೂರಿನ ಕಾರು ಕೊಂಚ ದುಬಾರಿ ಎನಿಸಿದರೂ ಕೆಎ ನೋಂದಣಿಯದ್ದಾದರೆ ತೆರಿಗೆಯ ತಲೆನೋವಿಲ್ಲ. ಅದಕ್ಕಿಂತ ಮುಖ್ಯವಾಗಿ, ಬೆಳಿಗ್ಗೆ ತಣ್ಣಗಿರುವಾಗಲೇ ಎಂಜಿನ್ ಚಾಲೂ ಮಾಡಿಸಿ ಕೇಳಬಹುದು. ಈ ಕಾರಿನಲ್ಲಿ ಇದು ಅತ್ಯಗತ್ಯ: 2009ಕ್ಕಿಂತ ಹಿಂದಿನ ಮಾದರಿಗಳಲ್ಲಿ ಎಂಜಿನ್‌ನೊಳಗಿನ ಮಧ್ಯಂತರ ಶಾಫ್ಟಿನ ಬೇರಿಂಗ್ ಕೈಕೊಟ್ಟರೆ ಇಡೀ ಎಂಜಿನ್ ಹಾಳಾಗಬಹುದು. ವಿಡಿಯೊ ಕರೆಯಲ್ಲಿ ಮಿರುಗುವ ಬಣ್ಣ ಕಾಣುತ್ತದೆ, ಬೇರಿಂಗ್ ಕಾಣುವುದಿಲ್ಲ.

ನನ್ನ ಆಯ್ಕೆ ಬೆಂಗಳೂರಿನದೇ. ದೆಹಲಿಯ ಕಾರೇ ಮನಸ್ಸಿಗೆ ಹಿಡಿದಿದ್ದರೆ, ಮುಂಗಡ ಕೊಡುವ ಮೊದಲು ಮಾರಾಟಗಾರರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿ. ಎಂಜಿನ್ ತನ್ನ ಮಿತಿ ಮೀರಿದ ವೇಗದಲ್ಲಿ ತಿರುಗಿದೆಯೇ ಎಂಬ, ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾದ ವಿವರವನ್ನೂ ಓದಿಸಿ. ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.