ಡ್ರಮ್ ಮಷಿನ್‌ಗೆ ಎರಡು ಟ್ರ್ಯಾಕ್ ಕೊಡಿ: ಅಲೆಸಿಸ್ ಎಸ್‌ಆರ್-16 ಮತ್ತು ಝೂಮ್ ಆರ್8, ಆರು ವರ್ಷದ ಬಳಕೆ

ನಮ್ಮ ಮನೆ ಮಂಗಳೂರಿನ ಕುಲಶೇಖರದಲ್ಲಿ. ಮಹಡಿ ಕೋಣೆಗೆ ತಗಡಿನ ಶೀಟ್. ಜೂನ್ ಬಂತೆಂದರೆ ಮೈಕ್ ಇಟ್ಟು ಹಾಡುವ ಮಾತೇ ಇಲ್ಲ, ಆಟಿ (ಆಗಸ್ಟ್ ನಡುವಿನವರೆಗಿನ ತುಳು ತಿಂಗಳು) ಮುಗಿಯುವವರೆಗೂ ಶೀಟಿನ ಮೇಲೆ ಮಳೆಯದ್ದೇ ಸದ್ದು. ಆದರೆ ಡ್ರಮ್ ಮಷಿನ್‌ನಿಂದ (ಡ್ರಮ್ ಶಬ್ದ ನುಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕೇಬಲಿನಲ್ಲಿ ಬರುವ ಶಬ್ದಕ್ಕೆ ಮಳೆ ತಾಗುವುದಿಲ್ಲ ಅಲ್ವಾ? ಹಾಗಾಗಿ ನನ್ನ ಕೊಂಕಣಿ ಹಾಡುಗಳ ಡ್ರಮ್ಸ್ ಎಲ್ಲ ಮಳೆಗಾಲದಲ್ಲೇ ತಯಾರಾಗುತ್ತದೆ. ಹಾಡುವುದು ದೀಪಾವಳಿ ಕಳೆದ ಮೇಲೆ.

ಎಸ್‌ಆರ್-16 ಹಳೇ ಡ್ರಮ್ ಮಷಿನ್. ಅದರಲ್ಲಿ 233 ಶಬ್ದಗಳಿವೆ. ಪ್ಯಾಡ್ ಮೇಲೆ ಮೆಲ್ಲಗೆ ಹೊಡೆದರೆ ಒಂದು ಥರ, ಜೋರಾಗಿ ಹೊಡೆದರೆ ಇನ್ನೊಂದು ಥರ ಕೇಳುತ್ತದೆ, ನನಗೆ ಅದೇ ಇಷ್ಟ. ಆರ್8ನಲ್ಲೂ ಡ್ರಮ್ ಪ್ಯಾಡ್ ಇದೆ, ಆದರೆ ಕೈ ಎಸ್‌ಆರ್-16ಗೇ ಹೋಗುತ್ತದೆ. ಆರ್8 ಎಂಟು ಟ್ರ್ಯಾಕಿನ (ಶಬ್ದವನ್ನು ಬೇರೆ ಬೇರೆಯಾಗಿ ಹಿಡಿದಿಡುವ ಎಂಟು ಪದರ) ಸಣ್ಣ ರೆಕಾರ್ಡರ್, ಒಂದು ಸಲಕ್ಕೆ ಎರಡನ್ನು ಮಾತ್ರ ತೆಗೆದುಕೊಳ್ಳುತ್ತದೆ. ಡ್ರಮ್ಸ್‌ಗೆ ಎಡ, ಬಲ ಅಂತ ಎರಡು ಹೋದರೆ ಉಳಿಯುವುದು ಆರು.

ಮೊದಲು ಅದೇ ಬೇಜಾರು. ಟ್ರ್ಯಾಕ್ ಉಳಿಸಲು ಎಡ ಬದಿಯ ಕೇಬಲ್ ಒಂದನ್ನೇ ಹಾಕಿ ನೋಡಿದೆ. ಬಲಕ್ಕೆ ಇಟ್ಟಿದ್ದ ಟಾಮ್ ಮತ್ತು ಸಿಂಬಲ್ ಎಲ್ಲೋ ದೂರ ಹೋದ ಹಾಗೆ ಆಯಿತು. ಆಮೇಲೆ ಎರಡೂ ಕೇಬಲ್ ಹಾಕಿದೆ, ಆದರೂ ಎಲ್ಲ ಶಬ್ದ ನಡುವೆಯೇ ಗುಂಪಾಗಿ ಕೂತಿತ್ತು. ಎರಡು ದಿನ ಕೇಬಲನ್ನೇ ಬೈದೆ. ಕಾರಣ ಇಷ್ಟೇ: ಎರಡೂ ಟ್ರ್ಯಾಕಿನ ಪ್ಯಾನ್ (ಶಬ್ದ ಎಡಕ್ಕೋ ಬಲಕ್ಕೋ ಅಂತ ಹೊಂದಿಸುವುದು) ನಡುವೆ ಇತ್ತು. ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ತಿರುಗಿಸಿದ ಕೂಡಲೇ ಹೆಡ್‌ಫೋನಿನಲ್ಲಿ ಡ್ರಮ್ಸ್ ಅಗಲವಾಗಿ ತೆರೆದುಕೊಂಡಿತು. ರೆಕಾರ್ಡಿಂಗ್ ಏನೂ ಹಾಳಾಗಿರಲಿಲ್ಲ, ಮತ್ತೆ ಮಾಡುವ ಕೆಲಸ ತಪ್ಪಿತು.

ಇನ್ನೊಂದು ಆಸೆ ಇತ್ತು. ಮಷಿನ್‌ಗೆ ಎರಡು ಜೋಡಿ ಔಟ್‌ಪುಟ್ ಇದೆ, ಮೇನ್ ಮತ್ತು ಆಕ್ಸ್ (ಹೆಚ್ಚುವರಿ). ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್), ಸ್ನೇರ್ (ಚುರುಕು ಸದ್ದಿನ ಸಣ್ಣ ಡ್ರಮ್) ಮೊದಲ ಸಲ, ಉಳಿದದ್ದು ಎರಡನೇ ಸಲ ತೆಗೆಯೋಣ ಅಂದುಕೊಂಡೆ. ಆದರೆ ಆರ್8ನಲ್ಲಿ ಮಿಡಿ ಕೇಬಲ್ (ಎರಡು ಯಂತ್ರಗಳನ್ನು ಒಂದೇ ತಾಳದಲ್ಲಿ ಓಡಿಸುವ ಕೇಬಲ್) ಹಾಕುವ ಜಾಗವಿಲ್ಲ, ಎರಡನೇ ಸಲ ಸ್ಟಾರ್ಟ್ ಒತ್ತುವುದು ಕೈಯಂದಾಜು. ಎಷ್ಟು ಸರಿಯಾಗಿ ಒತ್ತಿದರೂ ಹಾಡು ಮುಂದೆ ಹೋದ ಹಾಗೆ ಹೈಹ್ಯಾಟ್ (ಜೋಡಿ ಸಿಂಬಲ್) ಸ್ನೇರಿನಿಂದ ಸರಿಯುತ್ತಿತ್ತು. ಈಗ ಕಿಕ್, ಸ್ನೇರ್ ಎಷ್ಟು ಜೋರು ಬೇಕು ಅನ್ನುವುದನ್ನು ಮಷಿನ್‌ನಲ್ಲೇ ಹೊಂದಿಸಿ, ಒಂದೇ ಸಲಕ್ಕೆ ಸ್ಟೀರಿಯೊದಲ್ಲಿ ತೆಗೆಯುತ್ತೇನೆ. ಹಾಡಿನ ಮುಂದೆ ನಾಲ್ಕು ಸ್ಟಿಕ್ ಏಟು ಬಿಡುತ್ತೇನೆ. ತಿಂಗಳು ಕಳೆದು ಗಿಟಾರ್ ಹಿಡಿದಾಗ ಎಲ್ಲಿ ಶುರು ಅಂತ ಅದೇ ಹೇಳುತ್ತದೆ.

ಮಷಿನ್ ವಾಲ್ಯೂಮ್ ಜಾಸ್ತಿ ಇಟ್ಟು, ರೆಕಾರ್ಡರಿನ ಗೇನ್ (ಒಳಬರುವ ಶಬ್ದವನ್ನು ಏರಿಸುವ ಮಟ್ಟ) ಕಡಿಮೆ ಇಡಿ. ಸುಮ್ನೆ ಪ್ಯಾಟರ್ನ್ ಓಡಿಸಿ ನೋಡಿದರೆ ಸಾಲದು, ಅತಿ ಜೋರಿನ ಫಿಲ್ (ಸಾಲುಗಳ ನಡುವೆ ತುಂಬುವ ಡ್ರಮ್ ಏಟುಗಳು) ಬರುವಾಗ ಮೀಟರ್ ನೋಡಿ.

ಅಡಾಪ್ಟರ್ ವಿಷಯದಲ್ಲಿ ಜಾಗ್ರತೆ. ಎಸ್‌ಆರ್-16ಗೆ ಬೇಕಾದದ್ದು 9 ವೋಲ್ಟ್ ಎಸಿ, ಅಂಗಡಿಯವರು ಸಾಮಾನ್ಯವಾಗಿ ಕೊಡುವುದು ಡಿಸಿ. ಹಂಪನಕಟ್ಟೆಯಲ್ಲಿ ನಾನೂ ಓದದೆ ಡಿಸಿ ತಂದಿದ್ದೆ, ಮತ್ತೆ ಹೋಗಿ ಬದಲಿಸಿದೆ. ಕರೆಂಟ್ ಹೋದರೆ ಆರ್8 ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ಓಡುತ್ತದೆ, ಡ್ರಮ್ ಮಷಿನ್ ಮಾತ್ರ ಅಲ್ಲೇ ನಿಲ್ಲುತ್ತದೆ. ಗುಡುಗು ಶುರುವಾದರೆ ನಾನು ಎಲ್ಲ ಪ್ಲಗ್ ತೆಗೆದು ಕೆಳಗೆ ಬರುತ್ತೇನೆ.

ಬ್ಯಾಂಡ್ ಪೂರ್ತಿ ಒಟ್ಟಿಗೆ ರೆಕಾರ್ಡ್ ಮಾಡುವವರಿಗೆ ಆರ್8 ಸಾಲದು. ಒಬ್ಬರೇ ಕೂತು ಒಂದೊಂದಾಗಿ ಹಾಡು ಕಟ್ಟುವವರಿಗೆ ಈ ಜೋಡಿ ಧಾರಾಳ ಸಾಕು. ನನ್ನ ನಾಲ್ಕು ಹಾಡಿನ ಡ್ರಮ್ಸ್ ಈ ಮಳೆಯಲ್ಲಿ ಮುಗಿದಿದೆ.