ಚಾಮರಾಜಪೇಟೆಯ ಹಳೇ ಮನೆಯೋ, ಸರ್ಜಾಪುರ ರಸ್ತೆಯ ರೋ ಹೌಸೋ?

ಬೆಂಗಳೂರಿನ ಈ ಎರಡರಲ್ಲೂ ಪಕ್ಕದವರ ಜೊತೆ ಗೋಡೆ ಹಂಚಿಕೊಳ್ಳಬೇಕು; ಕಾಗದಪತ್ರದಲ್ಲಿ ಮಾತ್ರ ಅಜಗಜಾಂತರ. 1892ರ ಬಡಾವಣೆಯಾದ ಚಾಮರಾಜಪೇಟೆಯಲ್ಲಿ ಸಾಮಾನ್ಯವಾಗಿ ನೆಲ ಪೂರ್ತಿ ನಿಮ್ಮದು. ಸಾಲಾಗಿ ಅಂಟಿಸಿ ಕಟ್ಟಿದ ರೋ ಹೌಸ್‌ಗಳಲ್ಲಿ ಹಲವು ಕಡೆ ಸಿಗುವುದು ಅವಿಭಜಿತ ಪಾಲು, ಅಂದರೆ ಎಲ್ಲರಿಗೂ ಸೇರಿದ ನೆಲದಲ್ಲಿ ಒಂದು ಭಾಗ. ಮುಂದೆ ಒಡೆದು ಕಟ್ಟುವ ಸ್ವಾತಂತ್ರ್ಯ ಸಿಗುವುದು ಕಷ್ಟ.

ದುರಸ್ತಿಯಲ್ಲಿ ಹಳೇ ಮನೆ ಜೇಬು ಸುಡುತ್ತದೆ. ಮದ್ರಾಸ್ ತಾರಸಿಯಾದರೆ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೇ ಚಾವಣಿ) ತೊಲೆ ಗೋಡೆಯೊಳಗೆ ಹೋಗುವ ತುದಿಯನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೆತ್ತಗೆ ಇಳಿದರೆ ಗೆದ್ದಲೋ ತೇವವೋ ತಿಂದಿದೆ. ಪಕ್ಕದ ಮನೆಯ ಬಚ್ಚಲು ನಿಮ್ಮ ಗೋಡೆಗೆ ತಾಗಿದ್ದರೆ ಗಾರೆ ಉಬ್ಬಿ ಉದುರುತ್ತದೆ. ಆ ಒಂದೇ ಗೋಡೆಗೆ ಹೊಸ ಬಣ್ಣ ಕಂಡರೆ ಅನುಮಾನಪಡಿ.

ನೀರಿನ ಲೆಕ್ಕ ಉಲ್ಟಾ. ಚಾಮರಾಜಪೇಟೆಗೆ ಕಾವೇರಿ ನೀರು ಬರುತ್ತದೆ. ಸರ್ಜಾಪುರದ ಕಡೆ ಎಷ್ಟೋ ಬಡಾವಣೆಗಳು ಬೋರ್‌ವೆಲ್, ಟ್ಯಾಂಕರ್ ನಂಬಿವೆ. ಬೇಸಿಗೆಯ ನೀರಿನ ಖರ್ಚು ತಿಳಿಯಲು ಏಪ್ರಿಲ್ ತಿಂಗಳ ನಿರ್ವಹಣಾ ಬಿಲ್ ಕೇಳಿ ತರಿಸಿಕೊಳ್ಳಿ.

ಎರಡಕ್ಕೂ 30 ವರ್ಷದ ಇಸಿ (ಋಣಭಾರ ಪ್ರಮಾಣಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಬೇಕೇ ಬೇಕು. ಹಳೇ ಮನೆಗೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಸಹಿಯಿರುವ ಪಾಲುಪತ್ರವೂ.

ಮೆಟ್ರೊ, ಮಾರುಕಟ್ಟೆ ಹತ್ತಿರವಿರಬೇಕು, ಕೈಯಲ್ಲಿ ದುರಸ್ತಿ ಹಣವೂ ಇದೆ ಎನ್ನುವವರಿಗೆ ಚಾಮರಾಜಪೇಟೆ. ಐಟಿ ಕೆಲಸ, ಎರಡು ಕಾರು, ಆಡುವ ಮಕ್ಕಳಿದ್ದರೆ ರೋ ಹೌಸ್. ಮಂಡಿನೋವಿನ ಹಿರಿಯರಿದ್ದರೆ ಕೆಳಗೊಂದು ಮಲಗುವ ಕೋಣೆ ಇದೆಯೇ ನೋಡಿ. ರೋ ಹೌಸ್‌ನಲ್ಲಿ ಬಹುತೇಕ ಎಲ್ಲವೂ ಮಹಡಿ ಮೇಲೆ.